ಉಗ್ರಾಣಕ್ಕೊಂದು ಚೀಟಿ

ಮದುವೆಯ ಮನೆಯಲ್ಲಿ ಅಡಿಗೆಯವನು ಉಗ್ರಾಣಕ್ಕೆ ನುಗ್ಗಿ ಮೂಟೆಗಳನ್ನು ತಡಕುವುದಿಲ್ಲ. ಬೇಕಾದುದನ್ನು ಚೀಟಿಯಲ್ಲಿ ಬರೆದು ಕಳುಹುತ್ತಾನೆ. ಉಗ್ರಾಣದವನು ಅಳೆದು ಕೊಡುತ್ತಾನೆ. ಇಂದಿನ ಗಣಕಕೇಂದ್ರಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ.

ಇಲ್ಲಿ ಅಡಿಗೆಯವನ ಸ್ಥಾನದಲ್ಲಿರುವುದು ಕಂಟೇನರ್. ಒಂದು ತಂತ್ರಾಂಶವನ್ನೂ ಅದು ನಡೆಯಲು ಬೇಕಾದ ಪರಿಕರಗಳನ್ನೂ ಒಟ್ಟಿಗೆ ಕಟ್ಟಿದ ಗಂಟಿಗೆ ಈ ಹೆಸರು. ಇಂತಹ ಗಂಟುಗಳನ್ನು ಹಲವು ಯಂತ್ರಗಳಿಗೆ ಹಂಚಿ ನಡೆಸುವ ವ್ಯವಸ್ಥೆಯೇ ಕುಬರ್ನೆಟೀಸ್. ಗೂಗಲ್ ಸಂಸ್ಥೆ ಇದನ್ನು 2014ರಲ್ಲಿ ಪ್ರಕಟಿಸಿತು. ಕಂಟೇನರಿನ ಆಯುಸ್ಸು ಅಲ್ಪ. ಅದು ಅಳಿದರೆ ಅದರೊಳಗೆ ಬರೆದುದೂ ಅಳಿಯುತ್ತದೆ. ಆದುದರಿಂದ ಉಳಿಯಬೇಕಾದ ಮಾಹಿತಿಗೆ ಹೊರಗೊಂದು ಸಂಗ್ರಹ ಬೇಕು.

ಆ ಸಂಗ್ರಹ ಎಂತಹುದಿರಬೇಕು? ಮಿನಿಟಿಗೆ 7,200 ಸುತ್ತು ತಿರುಗುವ ಕಾಂತೀಯ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಭಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆಯೂ ಅತ್ತಿತ್ತ ಸರಿಯಬೇಕು. ಹೀಗಾಗಿ, ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಷ್ಟೇ ಓದಬಹುದು. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಓಕ ರೂಪಿಸಿದ ಫ್ಲ್ಯಾಷ್ ಸ್ಮೃತಿಯಲ್ಲಿ ತಿರುಗುವುದೇನೂ ಇಲ್ಲ. ಮಾಹಿತಿ ವಿದ್ಯುದಾವೇಶವಾಗಿ ಸೆರೆಯಾಗಿರುತ್ತದೆ. ಅದರಿಂದ ಮಾಡಿದ ಎಸ್‌ಎಸ್‌ಡಿ ಅದೇ ಕೆಲಸವನ್ನು ಒಂದು ಮಿಲಿಸೆಕೆಂಡಿಗಿಂತ ಬಹು ಕಡಿಮೆ ಕಾಲದಲ್ಲಿ ಮುಗಿಸುತ್ತದೆ. ಆದರೆ ಬೆಲೆ ಹೆಚ್ಚು. ಕ್ಷಣಕ್ಷಣಕ್ಕೂ ಕೆದಕುವ ದತ್ತಸಂಚಯಕ್ಕೆ ಅದು ಯೋಗ್ಯ. ಎಂದೋ ಒಮ್ಮೆ ತೆರೆಯುವ ಹಳೆಯ ಕಡತಗಳಿಗೆ ತಟ್ಟೆಯೇ ಸಾಕು.

ಈ ಭೇದವನ್ನು ತಿಳಿಸಲು ಕುಬರ್ನೆಟೀಸಿನಲ್ಲಿ ‘ಸ್ಟೋರೇಜ್ ಕ್ಲಾಸ್’ ಎಂಬ ವರ್ಗಗಳುಂಟು. ಕೇಂದ್ರವನ್ನು ನೋಡಿಕೊಳ್ಳುವವರು ಒಂದು ವರ್ಗಕ್ಕೆ ‘ವೇಗ’ ಎಂದು ಹೆಸರಿಟ್ಟು, ಅದಕ್ಕೆ ಎಸ್‌ಎಸ್‌ಡಿಯನ್ನು ಗೊತ್ತುಪಡಿಸಬಹುದು. ತಂತ್ರಾಂಶದ ಚೀಟಿಯಲ್ಲಿ ‘30 ಗಿಗಾಬೈಟ್, ವೇಗ’ ಎಂದಿದ್ದರೆ ಸಾಕು. ಅಷ್ಟು ಗಾತ್ರದ ಸಂಗ್ರಹ ತಾನಾಗಿ ಸಿದ್ಧವಾಗಿ ಕಂಟೇನರಿಗೆ ಜೋಡಣೆಯಾಗುತ್ತದೆ. ವರ್ಗದ ಹೆಸರನ್ನು ಬರೆಯಲು ಮರೆತರೆ, ರೂಢಿಗೆ ಇಟ್ಟಿರುವ ವರ್ಗದ ಸಂಗ್ರಹವೇ ಸಾಮಾನ್ಯವಾಗಿ ದೊರೆಯುತ್ತದೆ. ಅದು ನಿಧಾನದ್ದಾದರೆ ತಪ್ಪು ಉಗ್ರಾಣದ್ದಲ್ಲ.

ಇದಕ್ಕಿಂತಲೂ ಮುಖ್ಯವಾದ ಎಚ್ಚರಿಕೆ ಒಂದುಂಟು. ಹೀಗೆ ತಾನಾಗಿ ಹುಟ್ಟಿದ ಸಂಗ್ರಹವು, ವರ್ಗದಲ್ಲಿ ಬೇರೆ ವಿಧಿಸದಿದ್ದರೆ, ಚೀಟಿಯನ್ನು ಅಳಿಸಿದಾಗ ತಾನೂ ಅಳಿಯುತ್ತದೆ. ಅದರೊಡನೆ ವರ್ಷಗಳ ಲೆಕ್ಕಪತ್ರವೂ ಹೋದೀತು. ‘ರೀಟೇನ್’, ಎಂದರೆ ‘ಉಳಿಸಿಕೊ’ ಎಂಬ ನಿಯಮವನ್ನು ಮೊದಲೇ ಬರೆದಿಟ್ಟರೆ ಮಾಹಿತಿ ಉಳಿಯುತ್ತದೆ. ವೇಗವನ್ನು ಬೇಡುವಾಗಲೇ ಉಳಿವನ್ನೂ ಬೇಡಿಕೊಳ್ಳುವುದು ಜಾಣತನ.