ಹಳೆಯ ಮೋಟಾರ್‌ಸೈಕಲ್‌ಗಳಲ್ಲಿ ಮಿಸ್‌ಫೈರಿಂಗ್

ಮಿಸ್‌ಫೈರಿಂಗ್ ಎಂದರೆ ಸಿಲಿಂಡರಿನೊಳಗಿನ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಸಕಾಲದಲ್ಲಿ ಹೊತ್ತಿಕೊಳ್ಳದೆ ಇಂಜಿನ್ನಿನ ಲಯ ತಪ್ಪುವುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಂತಹ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್‌ಗಳಲ್ಲಿ ಇದು ಸಾಮಾನ್ಯ ದೋಷ. ಇವುಗಳ ಬಹುಪಾಲು ಮಾದರಿಗಳಲ್ಲಿ ಪ್ಲಗ್ಗಿನ ಕಿಡಿಯು ಬ್ಯಾಟರಿ, ಇಗ್ನಿಷನ್ ಕಾಯಿಲ್, ಪಾಯಿಂಟ್ ಮತ್ತು ಕಂಡೆನ್ಸರ್‌ಗಳನ್ನು ಅವಲಂಬಿಸಿದೆ.

ಇಂಜಿನ್ ಚಾಲನೆಗೊಳ್ಳದಿದ್ದರೆ, ಕೆಲವು ಬಾರಿ ಕಿಕ್ ಮಾಡಿದ ನಂತರ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದು ಮೊದಲ ಪರೀಕ್ಷೆ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲವೆಂದು ಅರ್ಥ. ಟ್ಯಾಂಕಿನ ನಲ್ಲಿ ಅಥವಾ ಕಾರ್ಬ್ಯುರೇಟರಿನ ಜೆಟ್ ಕಟ್ಟಿಕೊಂಡಿರಬಹುದು. ಒದ್ದೆಯಾಗಿದ್ದರೆ ಕಿಡಿ ದುರ್ಬಲವಾಗಿರುತ್ತದೆ ಅಥವಾ ಪೆಟ್ರೋಲ್ ಅತಿಯಾಗಿರುತ್ತದೆ. ಕ್ಯಾಪ್‌ಗೆ ಸಿಕ್ಕಿಸಿದ ಪ್ಲಗ್ಗಿನ ಲೋಹದ ಭಾಗವನ್ನು ಇಂಜಿನ್ನಿಗೆ ತಾಗಿಸಿ ಕಿಕ್ ಮಾಡಿದಾಗ ನೀಲಿ ಕಿಡಿ ಕಾಣಬೇಕು. ಈ ಪರೀಕ್ಷೆಯನ್ನು ಪ್ಲಗ್ಗಿನ ರಂಧ್ರದಿಂದ ದೂರದಲ್ಲಿಯೇ ಮಾಡಬೇಕು. ಅಲ್ಲಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು.

ಹೆಚ್ಚು ದಾರಿತಪ್ಪಿಸುವ ಭಾಗವೆಂದರೆ ಕಂಡೆನ್ಸರ್. ಅದು ಕೆಟ್ಟಾಗ ತಣ್ಣಗಿರುವ ಇಂಜಿನ್ ಸುಲಭವಾಗಿ ಚಾಲನೆಗೊಂಡು, ಬಿಸಿಯಾದೊಡನೆ ನಿಂತು, ಆರಿದ ಮೇಲೆ ಮತ್ತೆ ಓಡಬಹುದು. ಪಾಯಿಂಟ್‌ಗಳ ನಡುವೆ ದೊಡ್ಡ ಕಿಡಿ ಹಾರಿ ಅವು ಸುಟ್ಟು ಕಪ್ಪಾಗುತ್ತವೆ. ಆದರೂ ತಪ್ಪು ಕಾರ್ಬ್ಯುರೇಟರಿನದೆಂದು ಭಾವಿಸಿ ಅದನ್ನೇ ಪದೇ ಪದೇ ಬಿಚ್ಚುವುದುಂಟು. ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋದಾಗಲೂ ವಾಹನವು ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಆದುದರಿಂದ ಇಂಜಿನ್ ನಿಂತ ತಕ್ಷಣವೇ ಕಿಡಿಯನ್ನು ಪರೀಕ್ಷಿಸಬೇಕು. ಕಿಡಿ ಚೆನ್ನಾಗಿದ್ದು, ಮುಚ್ಚಳ ತೆರೆದೊಡನೆ ಗಾಳಿ ಒಳಸೇರುವ ಸದ್ದು ಕೇಳಿಸಿದರೆ ದೋಷ ಮುಚ್ಚಳದ್ದು.

ಕಿಡಿ, ಪೆಟ್ರೋಲ್ ಎರಡೂ ಸರಿಯಿದ್ದು ಇಂಜಿನ್ನಿನ ವೇಗ ತಾನಾಗಿಯೇ ಏರಿಳಿದರೆ ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲ್ ಸವೆದು ಗಾಳಿ ನುಗ್ಗುತ್ತಿರಬಹುದು. ಇದನ್ನು ಅಲಕ್ಷಿಸಿ ಓಡಿಸಿದರೆ ಇಂಜಿನ್ ಮಿತಿಮೀರಿ ಬಿಸಿಯಾಗಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಸಂಭವವಿದೆ.