ರಕ್ತ ಕೊಡುವ ಮನಸ್ಸು

ನಮ್ಮಲ್ಲಿ ಒಬ್ಬ ದಾನಿಯಿಂದ ಒಂದು ಸಲಕ್ಕೆ ತೆಗೆದುಕೊಳ್ಳುವ ರಕ್ತ 350 ಇಲ್ಲವೇ 450 ಮಿಲಿಲೀಟರ್. ಗುಂಪು ಹೊಂದಿದರೆ ಸಾಕು, ಕೊಟ್ಟವರು ಯಾಕೆ ಕೊಟ್ಟರು ಎಂಬುದನ್ನು ಕಟ್ಟಿಕೊಂಡು ರೋಗಿಗೆ ಆಗಬೇಕಾದ್ದೇನು ಎಂದು ಅನ್ನಿಸುವುದು ಸಹಜ. ಆದರೆ ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕುಗಳು ತಗುಲಿದ ಮೊದಲ ಕೆಲವು ದಿನ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಎಷ್ಟೇ ಸೂಕ್ಷ್ಮವಾದ ಪರೀಕ್ಷೆ ಬಂದರೂ ಈ ಅವಧಿ ಕಿರಿದಾಗಿದೆಯೇ ಹೊರತು ಪೂರ್ತಿ ಇಲ್ಲವಾಗಿಲ್ಲ. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ಶಿಬಿರದಲ್ಲಿ ತುಂಬಿಸುವ ಅರ್ಜಿ, ಅಂದರೆ ದಾನಿ ತನ್ನ ಆರೋಗ್ಯದ ಬಗ್ಗೆ ಹೇಳುವ ನಿಜ. ದುಡ್ಡಿಗಾಗಿ ಬಂದವರಿಗೆ ಅಲ್ಲಿ ಸುಳ್ಳು ಹೇಳಲು ಕಾರಣವಿದೆ. ಸುಮ್ಮನೆ ಕೊಡಲು ಬಂದವರಿಗೆ ಅಂಥ ಕಾರಣವಿಲ್ಲ. ಸ್ವಾರ್ಥ ಮತ್ತು ಪರಹಿತದ ಪ್ರಶ್ನೆ ಇಲ್ಲಿ ನೀತಿಪಾಠವಾಗಿ ಉಳಿಯುವುದಿಲ್ಲ, ಇನ್ನೊಬ್ಬರ ಮೈಗೆ ಹರಿಯುವ ರಕ್ತದ ಸುರಕ್ಷತೆಯ ಪ್ರಶ್ನೆಯಾಗುತ್ತದೆ.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಎತ್ತಿದವರು ಬ್ರಿಟನ್ನಿನ ಸಮಾಜವಿಜ್ಞಾನಿ ರಿಚರ್ಡ್ ಟಿಟ್ಮಸ್. 1970ರಲ್ಲಿ ಬಂದ ‘ದಿ ಗಿಫ್ಟ್ ರಿಲೇಶನ್‌ಶಿಪ್’ ಎಂಬ ಪುಸ್ತಕದಲ್ಲಿ ಅವರು, ರಕ್ತವನ್ನು ಉಚಿತವಾಗಿ ಪಡೆಯುತ್ತಿದ್ದ ಬ್ರಿಟನ್ನನ್ನು ಅದರಲ್ಲಿ ಒಂದು ಪಾಲನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಅಮೆರಿಕದ ಜೊತೆ ಹೋಲಿಸಿದರು. ಕೊಂಡ ರಕ್ತದಲ್ಲಿ ಹೆಪಟೈಟಿಸ್ ಅಪಾಯ ಹೆಚ್ಚು ಎಂಬುದು ಅವರ ಒಂದು ವಾದ. ಅದನ್ನು ಹೆಚ್ಚು ಜನ ಅಲ್ಲಗಳೆಯಲಿಲ್ಲ. ಬೆಲೆ ಕಟ್ಟಿದರೆ ಸುಮ್ಮನೆ ಕೊಡುತ್ತಿದ್ದವರೂ ಹಿಂದೆ ಸರಿಯುತ್ತಾರೆ ಎಂಬುದು ಇನ್ನೊಂದು ವಾದ. ಇದು ಅರ್ಥಶಾಸ್ತ್ರಜ್ಞರನ್ನು ಕೆಣಕಿತು. ಬೇಕಾದವರು ದುಡ್ಡು ತೆಗೆದುಕೊಳ್ಳಲಿ, ಬೇಡದವರು ಮೊದಲಿನಂತೆ ದಾನ ಮಾಡಲಿ, ಒಂದು ಆಯ್ಕೆ ಹೆಚ್ಚಾದರೆ ದಾನಿಗೆ ಕಳೆದುಹೋಗುವುದೇನು ಎಂದು ಕೆನೆತ್ ಆರೋ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಟಿಟ್ಮಸ್ ಬಳಿ ಅದಕ್ಕೆ ತಕ್ಕ ಪುರಾವೆ ಇರಲಿಲ್ಲ.

ಪುರಾವೆ ಸಿಕ್ಕಿದ್ದು ಬಹಳ ತಡವಾಗಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಕಾರ್ಲ್ ಮೆಲ್‌ಸ್ಟ್ರೋಮ್ ಮತ್ತು ಮಾಗ್ನಸ್ ಯೋಹಾನೆಸನ್ ಅಲ್ಲಿನ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ರಕ್ತದಾನಿಯಾಗಲು ಬೇಕಾದ ಆರೋಗ್ಯ ತಪಾಸಣೆಗೆ ಬರುವಿರಾ ಎಂದು ಕೇಳಿದರು. ಒಂದು ಗುಂಪಿಗೆ ಏನೂ ಇಲ್ಲ. ಇನ್ನೊಂದಕ್ಕೆ 50 ಕ್ರೋನರ್. ಮೂರನೆಯದಕ್ಕೂ ಅಷ್ಟೇ ದುಡ್ಡು, ಆದರೆ ಬೇಕಿದ್ದರೆ ಅದನ್ನು ಕ್ಯಾನ್ಸರ್ ಪೀಡಿತ ಮಕ್ಕಳ ನಿಧಿಗೆ ಕೊಡಬಹುದು. 2008ರಲ್ಲಿ ಪ್ರಕಟವಾದ ಫಲಿತಾಂಶ ಇದು: ದುಡ್ಡಿಲ್ಲದಾಗ ಶೇ. 52ರಷ್ಟು ಹೆಣ್ಣುಮಕ್ಕಳು ಒಪ್ಪಿದ್ದರು, ದುಡ್ಡು ಕೊಡುತ್ತೇವೆ ಎಂದಾಗ ಒಪ್ಪಿದವರು ಶೇ. 30ಕ್ಕೆ ಇಳಿದರು, ದಾನದ ದಾರಿ ತೆರೆದಿಟ್ಟ ಗುಂಪಿನಲ್ಲಿ ಮತ್ತೆ ಶೇ. 53. ಗಂಡುಮಕ್ಕಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಮತ್ತು ಮೂರನೆಯ ಗುಂಪಿನವರಿಗೆ ಕೈಗೆ ಬರುವ ದುಡ್ಡು ಒಂದೇ ಆಗಿದ್ದೂ ಫಲ ಬೇರೆಯಾದದ್ದೇ ನನಗೆ ಈ ಪ್ರಯೋಗದಲ್ಲಿ ಮುಖ್ಯವಾಗಿ ಕಾಣುವ ಸಂಗತಿ. ನಮ್ಮ ಪ್ರೇರಣೆಗಳು ಕೂಡುತ್ತ ಹೋಗುವ ಲೆಕ್ಕವಲ್ಲ. ಪರಹಿತದ ಮೇಲೆ ಸ್ವಲ್ಪ ಸ್ವಹಿತ ಸುರಿದರೆ ಮೊತ್ತ ದೊಡ್ಡದಾಗುತ್ತದೆ ಎನ್ನುವಂತಿಲ್ಲ. 50 ಕ್ರೋನರ್ ಮುಂದಿಟ್ಟಾಗ ‘ನೀವು ನೆರವಾಗುವಿರಾ’ ಎಂಬ ಪ್ರಶ್ನೆ ಸರಿದು ‘ಇಷ್ಟಕ್ಕೆ ಮಾರುವಿರಾ’ ಎಂಬ ಪ್ರಶ್ನೆ ಬಂದು ಕೂರುತ್ತದೆ. ಅಷ್ಟು ಸಣ್ಣ ಬೆಲೆಗೆ ಮಾರಲು ಒಪ್ಪದವರು ಸುಮ್ಮನೆ ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು.

ಇದಕ್ಕೆ ಬರುವ ಹಳೆಯ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ದುಡ್ಡು ಬೇಡ ಎಂದವರೂ ತಮ್ಮ ಸಮಾಧಾನಕ್ಕಾಗಿಯೇ ಕೊಡುತ್ತಾರೆ, ಆದ್ದರಿಂದ ಅದೂ ಸ್ವಾರ್ಥವೇ ಎಂಬುದು. ಕೊಟ್ಟಾಗ ಮನಸ್ಸಿಗೆ ಹಿತವಾಗುವುದು ನಿಜ, ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ ಅದನ್ನು ಲೆಕ್ಕಕ್ಕೇ ತಂದಿದ್ದಾರೆ. ಆದರೆ ಕೆಲಸದ ಬೆನ್ನಿಗೆ ಬರುವ ಸಮಾಧಾನವೇ ಕೆಲಸದ ಗುರಿಯಾಗಿತ್ತು ಎನ್ನಲು ಬೇರೆ ಸಾಕ್ಷ್ಯ ಬೇಕು. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ 1981ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಎಲೇನ್ ಎಂಬ ಯುವತಿ ವಿದ್ಯುತ್ ಆಘಾತಗಳಿಂದ ನರಳುವುದನ್ನು ಭಾಗವಹಿಸಿದವರು ಪರದೆಯ ಮೇಲೆ ನೋಡಬೇಕು (ಆಘಾತಗಳು ನಿಜವಲ್ಲ, ನೋಡುವವರಿಗೆ ಅದು ಗೊತ್ತಿಲ್ಲ). ಎರಡು ಆಘಾತ ನೋಡಿ ಎದ್ದು ಹೋಗಲು ಕೆಲವರಿಗೆ ಬಿಡುವಿತ್ತು, ಉಳಿದವರು ಕೊನೆಯವರೆಗೂ ನೋಡಬೇಕಿತ್ತು. ಬೇಕೆಂದರೆ ಎಲೇನ್ ಜಾಗದಲ್ಲಿ ತಾವೇ ಕೂರಬಹುದಿತ್ತು. ತನ್ನ ಸಂಕಟ ಕಳೆದರೆ ಸಾಕು ಎನ್ನುವವರಿಗೆ ಎದ್ದು ಹೋಗುವುದೇ ಸುಲಭ. ಎಲೇನ್ ತನ್ನಂತೆಯೇ ಇರುವವಳಲ್ಲ ಎಂದು ನಂಬಿದವರು ಮಾಡಿದ್ದೂ ಅದನ್ನೇ. ಹೋಗಲು ದಾರಿಯಿದ್ದಾಗ ನೆರವಿಗೆ ಬಂದವರು ಶೇ. 18. ಅವಳು ತನ್ನಂಥವಳೇ ಎಂದು ನಂಬಿದವರಲ್ಲಿ ಅದೇ ದಾರಿ ತೆರೆದಿದ್ದರೂ ಶೇ. 91ರಷ್ಟು ಮಂದಿ ಅವಳ ಜಾಗಕ್ಕೆ ಹೋಗಲು ಒಪ್ಪಿದರು. ಪ್ರಯೋಗ ಸಣ್ಣದು, ಭಾಗವಹಿಸಿದವರು 44 ಯುವತಿಯರು. ತಪ್ಪಿತಸ್ಥ ಭಾವ, ನಾಚಿಕೆ, ಹೊಗಳಿಕೆಯ ಆಸೆ ಎಂದು ಒಂದೊಂದೇ ಬದಲಿ ವಿವರಣೆಯನ್ನು ಬ್ಯಾಟ್ಸನ್ ಮುಂದಿನ ಪ್ರಯೋಗಗಳಲ್ಲಿ ಎದುರಿಸುತ್ತ ಹೋದರು. ವಿವಾದ ಪೂರ್ತಿ ಮುಗಿದಿಲ್ಲವಾದರೂ ಎಲ್ಲವೂ ಸ್ವಾರ್ಥವೇ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಹಕ್ಕು ಈಗ ಯಾರಿಗೂ ಉಳಿದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕ್ಷೇತ್ರಾಧ್ಯಯನಗಳಿಂದ ಬಂದಿದೆ. ನಿಕೊಲಾ ಲಾಚೆತೆರಾ, ಮಾರಿಯೊ ಮಾಚಿಸ್, ರಾಬರ್ಟ್ ಸ್ಲೋನಿಮ್ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ, ನಿಜವಾದ ಶಿಬಿರಗಳಲ್ಲಿ ಪರೀಕ್ಷಿಸಿದ 19 ಬಗೆಯ ಉತ್ತೇಜನಗಳಲ್ಲಿ 18 ರಕ್ತದಾನವನ್ನು ಹೆಚ್ಚಿಸಿದವು. ಇದನ್ನು ಒಪ್ಪಲೇಬೇಕು; ಏನು ಕೊಟ್ಟರೂ ದಾನ ಕೆಡುತ್ತದೆ ಎಂಬ ಟಿಟ್ಮಸ್ ಅವರ ಭಯ ಅತಿಯಾಯಿತು. ಆದರೆ ಆ ಉತ್ತೇಜನಗಳ ಪಟ್ಟಿಯಲ್ಲಿ ಅಂಗಿ, ಗಿಫ್ಟ್ ಕಾರ್ಡ್, ಒಂದು ದಿನದ ರಜೆಯಂಥವೂ ಸೇರಿದ್ದವು. ಬಂದವರಿಗೆ ಟೀ ಶರ್ಟು ಕೊಟ್ಟರೆ ಅದು ಉಪಚಾರ. ಅಳತೆಗೆ ತಕ್ಕಂತೆ ನೋಟು ಎಣಿಸಿದರೆ ಅದು ವ್ಯಾಪಾರ. ಉಡುಗೊರೆ ಇಟ್ಟ ಶಿಬಿರದಲ್ಲಿ ಹೆಚ್ಚಾದ ಜನರಲ್ಲಿ ಗಣನೀಯ ಪಾಲು ಉಡುಗೊರೆ ಇಲ್ಲದ ನೆರೆಯ ಶಿಬಿರಗಳಿಂದ ಸರಿದು ಬಂದವರು ಎಂಬುದನ್ನೂ ಇದೇ ಸಂಶೋಧಕರು ಅಮೆರಿಕದ ಓಹಾಯೊ ರಾಜ್ಯದ ಅಧ್ಯಯನದಲ್ಲಿ ಗುರುತಿಸಿದ್ದಾರೆ.

ಭಾರತದಲ್ಲಿ ಸುಪ್ರೀಂ ಕೋರ್ಟಿನ 1996ರ ಆದೇಶದ ಫಲವಾಗಿ 1998ರ ಜನವರಿ 1ರಿಂದ ರಕ್ತದ ಮಾರಾಟ ನಿಂತಿತು. ಆದರೆ ನಮ್ಮಲ್ಲಿ ಸ್ವಾರ್ಥಕ್ಕೂ ಪರಹಿತಕ್ಕೂ ನಡುವೆ ಇನ್ನೊಂದು ದಾರಿ ಉಳಿದುಕೊಂಡಿದೆ. ರೋಗಿಗೆ ಒಂದು ಚೀಲ ರಕ್ತ ಬೇಕಾದರೆ ಮನೆಯವರು ಬದಲಿಗೆ ಒಬ್ಬ ದಾನಿಯನ್ನು ಕರೆತರಬೇಕು ಎಂಬ ಪದ್ಧತಿ. ನಮ್ಮವರಿಗಾಗಿ ನಾವು ಎಂಬ ಈ ಪ್ರೇರಣೆ ಬಲವಾದದ್ದು, ಅದನ್ನು ಹಗುರಾಗಿ ಕಾಣಲಾಗದು. ಆದರೂ ರಕ್ತದ ಅರ್ಜಿಯ ಮುಂದೆ ಅದು ದುಡ್ಡಿನಷ್ಟೇ ಒತ್ತಡ ತರುತ್ತದೆ: ಆಪರೇಷನ್ ಕೋಣೆಯ ಹೊರಗೆ ನೆಂಟರೆಲ್ಲ ಕಾದಿರುವಾಗ ‘ನನಗೆ ಕಾಮಾಲೆ ಆಗಿತ್ತು’ ಎಂದು ಹಿಂದೆ ಸರಿಯುವುದು ಕಷ್ಟ. ಯಾರೂ ಸಿಗದ ಮನೆಯವರು ಗುಟ್ಟಾಗಿ ದುಡ್ಡು ಕೊಟ್ಟು ‘ನೆಂಟ’ನನ್ನು ಹುಡುಕಿ ತರುವುದಕ್ಕೂ ಇಲ್ಲಿ ಎಡೆಯಿದೆ. ತಲಸ್ಸೀಮಿಯಾ ಇರುವ ಮಗುವಿನ ಮನೆಯಲ್ಲಿ ಈ ಪದ್ಧತಿಯ ಮಿತಿ ನಿಚ್ಚಳವಾಗಿ ಕಾಣುತ್ತದೆ. ಆ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬಹುಮಟ್ಟಿಗೆ ಬದುಕಿಡೀ, ರಕ್ತ ಬೇಕು. ನಮ್ಮ ನಿಯಮದಂತೆ ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಸರದಿಯಲ್ಲಿ ನಿಂತರೂ ವರ್ಷಗಟ್ಟಲೆ ನಡೆಯುವ ಆ ಲೆಕ್ಕಕ್ಕೆ ಮನೆಮಂದಿ ಸಾಲುವುದಿಲ್ಲ. ಆ ಮಗುವಿನ ಹೆಸರನ್ನೂ ಕೇಳದೆ ಮೂರು ನಾಲ್ಕು ತಿಂಗಳಿಗೊಮ್ಮೆ ಬಂದು ತೋಳು ಚಾಚುವ ಅಪರಿಚಿತರೇ ಬೇಕು.