ಗೆಳೆಯರ ಒತ್ತಡ: ವಿದ್ಯಾರ್ಥಿಗಳು ಎದುರಿಸುವುದು ಹೇಗೆ?

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಊರಿನ ಶಾಲೆಯನ್ನು ಬಿಟ್ಟು ಮಂಗಳೂರು, ಉಡುಪಿ, ಮೂಡುಬಿದಿರೆಯ ಕಾಲೇಜುಗಳತ್ತ ಹೊರಡುತ್ತಾರೆ. ಶುಲ್ಕ, ಪುಸ್ತಕ, ಸಮವಸ್ತ್ರ, ಹಾಸ್ಟೆಲ್ ಎಲ್ಲವನ್ನೂ ಹೆತ್ತವರು ಕಷ್ಟಪಟ್ಟು ಹೊಂದಿಸುತ್ತಾರೆ. ಆದರೆ ಹೊಸ ಗೆಳೆಯರ ನಡುವೆ ತಾನು ತಾನಾಗಿ ಉಳಿಯುವುದು ಹೇಗೆ ಎಂಬ ಪಾಠವನ್ನು ಹೇಳಿಕೊಡುವವರು ವಿರಳ. ಮನೆಯಲ್ಲಿ ವಿಧೇಯನಾಗಿದ್ದ ಹುಡುಗ ಆರು ತಿಂಗಳಲ್ಲಿ ಬದಲಾದಾಗ ‘ಸಹವಾಸ ದೋಷ’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆ ದೋಷದ ಬೇರು ಎಲ್ಲಿದೆ ಎಂದು ವಿಚಾರಿಸುವುದು ಅಗತ್ಯ.

ಗೆಳೆಯರ ಒತ್ತಡ ಎಂದರೇನು?

ತನ್ನ ವಯಸ್ಸಿನವರು ಒಪ್ಪಿಕೊಳ್ಳಲಿ ಎಂಬ ಆಸೆಯಿಂದ, ತನಗೆ ಇಷ್ಟವಿಲ್ಲದ್ದನ್ನೂ ಮಾಡಲು ಮುಂದಾಗುವುದೇ ಗೆಳೆಯರ ಒತ್ತಡ. ಇದು ಯಾವಾಗಲೂ ಬಾಯಿಮಾತಿನ ಒತ್ತಾಯವಾಗಿರಬೇಕಿಲ್ಲ. “ಒಂದು ಸಲ ಎಳೆದು ನೋಡು, ಏನಾಗುತ್ತದೆ?” ಎನ್ನುವುದು ನೇರ ಒತ್ತಡ. ಎಲ್ಲರ ಕೈಯಲ್ಲೂ ದುಬಾರಿ ಫೋನ್ ಇರುವಾಗ ತನ್ನ ಹಳೆಯ ಫೋನನ್ನು ಮರೆಮಾಚುವುದು, ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಹೇಳಿಕೊಳ್ಳಲು ನಾಚುವುದು, ತಂದೆ ಮೀನುಗಾರ ಎನ್ನಲು ಹಿಂಜರಿಯುವುದು ಮೌನ ಒತ್ತಡ. ಈ ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಇಲ್ಲಿ ದೂರು ಕೊಡಲು ಯಾರೂ ಎದುರಿಗಿಲ್ಲ.

ಮನಸ್ಸು ಏಕೆ ಸೋಲುತ್ತದೆ?

1950ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆ್ಯಶ್ ಒಂದು ಸರಳ ಪ್ರಯೋಗ ನಡೆಸಿದರು. ಗೆರೆಗಳ ಉದ್ದವನ್ನು ಹೋಲಿಸಿ ಹೇಳುವುದಷ್ಟೇ ಕೆಲಸ. ಉತ್ತರ ಕಣ್ಣಿಗೆ ಸ್ಪಷ್ಟವಾಗಿತ್ತು. ಆದರೆ ಕೋಣೆಯಲ್ಲಿದ್ದ ಇತರರು ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೊಳಗಾದ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಮಂದಿ ಒಮ್ಮೆಯಾದರೂ ಆ ತಪ್ಪಿಗೆ ತಲೆಯಾಡಿಸಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ ಮಾತ್ರ ತಪ್ಪುಗಳು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿದವು. ಈ ಕೊನೆಯ ಅಂಶವನ್ನು ನಾವು ನೆನಪಿಟ್ಟುಕೊಳ್ಳಬೇಕು.

ಹದಿಹರೆಯದಲ್ಲಿ ಈ ಸೆಳೆತ ಇನ್ನೂ ಬಲವಾಗಿರುತ್ತದೆ. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ, ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಕಾರು ಓಡಿಸುವ ಕಂಪ್ಯೂಟರ್ ಆಟದಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರಿಣಾಮವನ್ನು ಮುಂಗಂಡು ಮನಸ್ಸಿಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ಣವಾಗಿ ಬೆಳೆಯಲು ಸುಮಾರು 25 ವರ್ಷ ಬೇಕು. ಹೀಗಾಗಿ ಒಬ್ಬನೇ ಇದ್ದಾಗ ಜಾಣನಾಗಿರುವ ಹುಡುಗ ಗುಂಪಿನಲ್ಲಿ ಎಡವುವುದು ಅಚ್ಚರಿಯಲ್ಲ.

ತೆರಬೇಕಾದ ಬೆಲೆ

ಗೆಳೆಯ ಆರಿಸಿದನೆಂದು ವಿಜ್ಞಾನ ವಿಭಾಗಕ್ಕೆ ಸೇರಿ, ಪಾಠ ಅರ್ಥವಾಗದೆ ಎರಡು ವರ್ಷ ಕಳೆದುಕೊಳ್ಳುವವರಿದ್ದಾರೆ. ಪರವಾನಗಿ ಇಲ್ಲದೆ ಬೈಕ್ ಓಡಿಸುವ ಬಾಲಕ ತನ್ನ ಮತ್ತು ಪರರ ಜೀವವನ್ನು ಅಪಾಯಕ್ಕೊಡ್ಡುತ್ತಾನೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಇದಕ್ಕೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. 2003ರ ತಂಬಾಕು ನಿಯಂತ್ರಣ ಕಾಯ್ದೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತ್ತು. ಕರ್ನಾಟಕ 2025ರಲ್ಲಿ ಈ ಮಿತಿಯನ್ನು 21ಕ್ಕೆ ಏರಿಸಿತು. ಆದರೆ ಮೊದಲ ಸಿಗರೇಟು ಅನೇಕ ವೇಳೆ ಅಂಗಡಿಯಿಂದಲ್ಲ, ಗೆಳೆಯನ ಕೈಯಿಂದ ಬರುತ್ತದೆ. ಅಲ್ಲಿ ಕಾನೂನಿನ ಕೈ ಸುಲಭವಾಗಿ ತಲುಪುವುದಿಲ್ಲ.

ಹಾಗೆಂದು ಗೆಳೆತನವೇ ಕೆಟ್ಟದ್ದಲ್ಲ. ನಾಲ್ಕು ಮಂದಿ ಗ್ರಂಥಾಲಯಕ್ಕೆ ಹೊರಟರೆ ಐದನೆಯವನೂ ಹೊರಡುತ್ತಾನೆ. ಕಬಡ್ಡಿ ತಂಡದಲ್ಲಿ, ಯಕ್ಷಗಾನದ ಮೇಳದಲ್ಲಿ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಅದೇ ಒತ್ತಡ ಶಿಸ್ತನ್ನು ಕಲಿಸುತ್ತದೆ.

ವಿದ್ಯಾರ್ಥಿಗಳು ಏನು ಮಾಡಬಹುದು?

1. ಜತೆಗಾರನೊಬ್ಬನನ್ನು ಹುಡುಕಿಕೊಳ್ಳಿ. ಆ್ಯಶ್ ಪ್ರಯೋಗ ತಿಳಿಸಿದಂತೆ ಒಬ್ಬನ ಬೆಂಬಲವೂ ದೊಡ್ಡ ಬಲ. ಬೇಡವೆನ್ನುವ ಮನಸ್ಸು ಗುಂಪಿನಲ್ಲಿ ಮತ್ತೊಬ್ಬನಿಗೂ ಇರಬಹುದು. ಅವನು ನಿಮ್ಮ ಬಾಯಿಂದ ಆ ಮಾತು ಬರಲಿ ಎಂದು ಕಾಯುತ್ತಿರಬಹುದು.

2. ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ. “ಬೇಡ, ನನಗೆ ಇಷ್ಟವಿಲ್ಲ” ಎಂಬ ಚುಟುಕು ಮಾತು ಸಾಕು. ಉದ್ದದ ಕಾರಣ ಕೊಟ್ಟರೆ ಅದು ವಾದಕ್ಕೆ ಎಡೆಮಾಡುತ್ತದೆ.

3. ಆ ಕ್ಷಣದಲ್ಲಿ ನಿರ್ಧರಿಸಬೇಡಿ. “ನಾಳೆ ಹೇಳುತ್ತೇನೆ” ಎಂದು ಹೊರಬಂದರೆ ಒಂಟಿಯಾಗಿ ಯೋಚಿಸಲು ಸಮಯ ಸಿಗುತ್ತದೆ.

4. ಒಂದೇ ಗುಂಪನ್ನು ನೆಚ್ಚಿಕೊಳ್ಳಬೇಡಿ. ತರಗತಿ, ಆಟದ ಮೈದಾನ, ಊರು ಎಲ್ಲೆಡೆ ಗೆಳೆಯರಿದ್ದರೆ ಒಂದು ಕಡೆಯ ತಿರಸ್ಕಾರ ಬದುಕನ್ನು ಕುಸಿಯಗೊಡುವುದಿಲ್ಲ.

5. ಬೆದರಿಕೆ, ಹಿಂಸೆ ಎದುರಾದರೆ ಅದನ್ನು ಗುಟ್ಟಾಗಿಡಬೇಡಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಉಚಿತ ಸೇವೆಗಳು.

ಹೆತ್ತವರಿಗೂ ಶಿಕ್ಷಕರಿಗೂ ಒಂದು ಮಾತು

“ಅವನ ಸಂಗ ಬಿಡು” ಎಂಬ ಅಪ್ಪಣೆಯಿಂದ ಸಂಗ ಬಿಡುವುದಿಲ್ಲ, ಸುಳ್ಳು ಆರಂಭವಾಗುತ್ತದೆ. ಮಗುವಿನ ಗೆಳೆಯರನ್ನು ಮನೆಗೆ ಕರೆಯಿರಿ, ಅವರ ಹೆಸರು ತಿಳಿದಿರಲಿ. ತಂದೆ ಕೊಲ್ಲಿ ರಾಷ್ಟ್ರದಲ್ಲಿದ್ದರೆ ವಾರದ ಕರೆ ಬರೇ ಅಂಕಗಳ ವಿಚಾರಣೆಯಾಗದಿರಲಿ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವ ಅಭ್ಯಾಸವನ್ನು ನಾವು ಮೊದಲು ಬಿಡಬೇಕು. ‘ಎಲ್ಲರಂತೆ ಆಗು’ ಎಂಬ ಪಾಠವನ್ನು ಮಗು ಮೊದಲು ಕಲಿಯುವುದು ಮನೆಯಲ್ಲೇ. ಶಿಕ್ಷಕರು ತರಗತಿಯಲ್ಲಿ ಭಿನ್ನ ಉತ್ತರ ಕೊಟ್ಟವನನ್ನು ನಗೆಪಾಟಲು ಮಾಡದೆ ಕೇಳಿಸಿಕೊಂಡರೆ ಒಂಟಿಯಾಗಿ ನಿಲ್ಲುವ ಧೈರ್ಯ ಬೆಳೆಯುತ್ತದೆ.

ಹದಿನಾರರ ಹುಡುಗನಿಗೆ ಗೆಳೆಯರು ಬೇಕೇ ಬೇಕು. ತಪ್ಪಿ ನಡೆದ ದಿನ ಹೆದರದೆ ಮರಳಿ ಬರಲು ಒಂದು ಮನೆಯೂ ಬೇಕು. ಬಾಗಿಲು ತೆರೆದಿದೆ ಎಂದು ಅವನಿಗೆ ಮುಂಚಿತವಾಗಿ ತಿಳಿದಿರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.